ಜೀರ್ಣೋದ್ಧಾರವೂ ಹಿಂದಿನ ಶಿಲ್ಕೂ

ಜಿನಮಂದಿರವನ್ನು ಹೊಸದಾಗಿ ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದರಲ್ಲಿ ಹೆಚ್ಚಿನ ಪುಣ್ಯವಿದೆಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಮಾತನ್ನು ನಾನು ಬಹುಕಾಲ ನಂಬಿದ್ದೆನೇ ಹೊರತು ಅದರ ಅರ್ಥವನ್ನು ಚಿಂತಿಸಿರಲಿಲ್ಲ. ಚೀನಾ ದೇಶದ ಒಂದು ಗೋಪುರವೂ ನಮ್ಮ ನಂದಿಯ ಬಳಿಯ ಒಂದು ಶಾಸನವೂ ಅದನ್ನು ನನಗೆ ತಿಳಿಸಿಕೊಟ್ಟವು.

ಕೆಲವು ವರ್ಷಗಳ ಹಿಂದೆ, ಶಾಂಘೈನಲ್ಲಿ ಉದ್ಯೋಗದಲ್ಲಿದ್ದ ಮಗನೊಡನೆ ಹಾಂಗ್‌ಝೌ ನಗರಕ್ಕೆ ಹೋಗಿದ್ದೆ. ಅಲ್ಲಿಯ ಪಶ್ಚಿಮ ಸರೋವರದ ದಡದಲ್ಲಿ ಲೈಫೆಂಗ್ ಎಂಬ ಬೌದ್ಧ ಗೋಪುರವಿದೆ. ಸ್ತ್ರೀರೂಪ ತಾಳಿ ಒಬ್ಬ ಯುವಕನನ್ನು ವಿವಾಹವಾದ ಬಿಳಿಯ ಸರ್ಪವನ್ನು ಫಾಹಾಯ್ ಎಂಬ ಭಿಕ್ಷು ಅದರ ಅಡಿಯಲ್ಲಿ ಬಂಧಿಸಿದನೆಂಬುದು ಆ ನಾಡಿನ ಪ್ರಸಿದ್ಧ ಕಥೆ. ಉರಿಯುವ ಕಟ್ಟಿಗೆಯೊಳಗಿದ್ದ ನಾಗದಂಪತಿಗಳ ಮೇಲೆ ಪಾರ್ಶ್ವಕುಮಾರನು ತೋರಿದ ಕರುಣೆಯ ಕಥೆ ಕೇಳಿ ಬೆಳೆದ ನನಗೆ ಆ ಸರ್ಪದ ಬಗ್ಗೆ ಕನಿಕರವೇ ಹುಟ್ಟಿತು.

10ನೆಯ ಶತಮಾನದ ಆ ಗೋಪುರವು 1924ರ ಸೆಪ್ಟೆಂಬರ್ 25ರಂದು ಕುಸಿದುಬಿತ್ತು. ಅದರ ಇಟ್ಟಿಗೆ ಮನೆಯಲ್ಲಿದ್ದರೆ ಒಳಿತಾಗುವುದೆಂದು ನಂಬಿ ಜನರು ವರ್ಷಗಟ್ಟಲೆ ಇಟ್ಟಿಗೆಗಳನ್ನು ಕಿತ್ತೊಯ್ದುದೂ ಅದಕ್ಕೊಂದು ಕಾರಣ. ಕೆಡವಬೇಕೆಂಬ ಉದ್ದೇಶ ಅವರಲ್ಲಿ ಯಾರಿಗೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಕ್ಷೇಮಕ್ಕಾಗಿ ಅಷ್ಟಿಷ್ಟು ತೆಗೆದುಕೊಂಡರು, ಅಷ್ಟೆ.

2002ರಲ್ಲಿ ಅದೇ ಸ್ಥಳದಲ್ಲಿ ಹೊಸ ಗೋಪುರ ಎದ್ದುನಿಂತಿತು. ಉಕ್ಕಿನ ಚೌಕಟ್ಟು, ಮೇಲೇರಲು ಲಿಫ್ಟು. ಮೊದಲ ನೋಟಕ್ಕೆ ನನಗದು ಹಿಡಿಸಲಿಲ್ಲ. ಆದರೆ ಒಳಹೊಕ್ಕಾಗ ಕಂಡದ್ದೇ ಬೇರೆ. ಕುಸಿದ ಇಟ್ಟಿಗೆಗಳ ಹಳೆಯ ರಾಶಿಯನ್ನು ಗಾಜಿನ ಆವರಣದಲ್ಲಿ ಕಾಪಾಡಿ, ಅದರ ಮೇಲೆಯೇ ಹೊಸದನ್ನು ನಿಲ್ಲಿಸಿದ್ದಾರೆ. ಅದನ್ನು ನೋಡುತ್ತ ನನ್ನ ತಲೆ ತಗ್ಗಿತು.

ಅದಕ್ಕೆ ಕಾರಣವುಂಟು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಚಿಕ್ಕದೊಂದು ಜಿನಮಂದಿರದ ಜೀರ್ಣೋದ್ಧಾರ ಸಮಿತಿಗೆ ನಾನು ಖಜಾಂಚಿಯಾಗಿದ್ದೆ. ಬಾಗಿಲ ಮುಂದಿನ ಮೆಟ್ಟಿಲಲ್ಲಿ ಸವೆದ ಅಕ್ಷರಗಳಿದ್ದ ಕಲ್ಲೊಂದಿತ್ತು. ನುಣುಪಾದ ಗ್ರಾನೈಟ್ ಹಾಸುವಾಗ ಅದು ತಳಪಾಯದ ಗುಂಡಿ ಸೇರಿತು. ಅದನ್ನು ಓದಿಸಿದವರಿಲ್ಲ, ಚಿತ್ರ ತೆಗೆದವರಿಲ್ಲ. ಆ ಬಿಲ್ಲಿಗೆ ರುಜು ಹಾಕಿದವನು ನಾನೇ. ಗೋಡೆಯ ಮೇಲಿನ ಹೊಸ ಫಲಕದಲ್ಲಿ ದಾನಿಗಳ ಸಾಲಿನಲ್ಲಿ ನನ್ನ ಹೆಸರೂ ಇದೆ.

ಊರಿಗೆ ಮರಳಿದ ಮೇಲೆ ಗೋಪಿನಾಥ ಬೆಟ್ಟ ನೆನಪಾಯಿತು. ನಮ್ಮ ಕೆಂಚಾರ್ಲಹಳ್ಳಿಯಿಂದ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ದಾಟಿ ನಂದಿಗೆ ಹೋದರೆ ಆ ಬೆಟ್ಟ ಸಿಗುತ್ತದೆ. ಇಂದು ಅಲ್ಲಿ ಗೋಪಾಲಸ್ವಾಮಿಯ ಪೂಜೆ ನಡೆಯುತ್ತದೆ. ಆದರೆ ಅಲ್ಲಿಯ ಬಂಡೆಯ ಮೇಲೆ ಸುಮಾರು 8ನೆಯ ಶತಮಾನದ ಜೈನ ಶಾಸನವಿದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಕೋಲಾರ ಜಿಲ್ಲೆಯ ಸಂಪುಟದಲ್ಲಿ ಅದು ಅಚ್ಚಾಗಿದೆ. ದಶರಥನ ಮಗ ರಾಮನು ಅಲ್ಲಿ ಅರ್ಹಂತರ ಚೈತ್ಯವನ್ನು ಸ್ಥಾಪಿಸಿದನು, ಪಾಂಡವರ ತಾಯಿ ಕುಂತಿಯು ಅದನ್ನು ಹೊಸದಾಗಿಸಿದಳು ಎಂಬುದು ಅದರ ಸಾರ.

ಇದು ಐತಿಹ್ಯ, ಇತಿಹಾಸವಲ್ಲ. ಆದರೂ ನಮ್ಮ ಪುರಾಣಗಳ ಪ್ರಕಾರ ರಾಮನದು ಮುನಿಸುವ್ರತರ ತೀರ್ಥಕಾಲ, ಕುಂತಿಯದು ನೇಮಿನಾಥರ ಕಾಲ. ಅಷ್ಟು ದೀರ್ಘ ಅಂತರದ ನಂತರ ಬಂದ ಕುಂತಿಯ ಹೆಸರು ರಾಮನ ಹೆಸರನ್ನು ಅಳಿಸಲಿಲ್ಲ. ಒಂದೇ ಶಾಸನದಲ್ಲಿ ಕಟ್ಟಿಸಿದವನೂ ಇದ್ದಾನೆ, ಉದ್ಧರಿಸಿದವಳೂ ಇದ್ದಾಳೆ.

ವ್ಯಾಪಾರಿಗಳಾದ ನಮಗೆ ಇದು ತಿಳಿಯದ ವಿಷಯವಲ್ಲ. ಹೊಸ ವರ್ಷದ ಲೆಕ್ಕದ ಪುಸ್ತಕದಲ್ಲಿ ಮೊದಲು ಹಿಂದಿನ ಶಿಲ್ಕನ್ನು ಬರೆದು, ಆಮೇಲೆ ಈ ವರ್ಷದ ಜಮೆಯನ್ನು ಬರೆಯುತ್ತೇವೆ. ಅದನ್ನು ಬಿಟ್ಟು ಬರೆದ ಲೆಕ್ಕ ಸುಳ್ಳು ಲೆಕ್ಕ. ಪರಿಗ್ರಹವು ಹಣದಲ್ಲಿ ಮಾತ್ರ ಇರುವುದಿಲ್ಲ. ಹಿಂದಿನವರ ಪುಣ್ಯದ ಮೇಲೆ ನಮ್ಮೊಬ್ಬರದೇ ಹೆಸರು ಬರೆಸಿಕೊಳ್ಳುವುದರಲ್ಲಿಯೂ ಇದೆ. ನಂಬಿಕೆಯಿಂದಲೇ ಇಟ್ಟಿಗೆ ಕಿತ್ತವರಿಗೂ ನನಗೂ ಏನು ವ್ಯತ್ಯಾಸ?

ಆದುದರಿಂದ ಮಂದಿರಗಳ ಧರ್ಮದರ್ಶಿಗಳಲ್ಲಿ ನನ್ನದೊಂದು ವಿನಂತಿ. ಕೆಲಸ ಆರಂಭಿಸುವ ಮುನ್ನ ಪ್ರತಿಯೊಂದು ಹಳೆಯ ಕಲ್ಲಿನ ಚಿತ್ರ ತೆಗೆಸಿರಿ. ಅಕ್ಷರವಿದ್ದರೆ ಬಲ್ಲವರಿಂದ ಓದಿಸಿರಿ. ತೆಗೆದ ಕಲ್ಲುಗಳಿಗೆ ಪ್ರಾಕಾರದಲ್ಲಿಯೇ ಒಂದು ಮೂಲೆಯನ್ನು ಕೊಡಿರಿ. ಫಲಕದಲ್ಲಿ ಮೊದಲ ಸಾಲು ಹಿಂದಿನವರಿಗಿರಲಿ, ಅವರ ಹೆಸರು ತಿಳಿಯದಿದ್ದರೂ. ನಾನು ಹೂಳಿಸಿದ ಕಲ್ಲಿನಲ್ಲಿ ಯಾವ ಶ್ರಾವಕನ, ಯಾವ ಶ್ರಾವಿಕೆಯ ಹೆಸರಿತ್ತೋ ಅರಿಯೆ. ಈ ವರ್ಷದ ಪರ್ಯುಷಣದಲ್ಲಿ ಅವರಿಗೂ ಕ್ಷಮೆ ಬೇಡಿದ್ದೇನೆ.