ಚಕ್ಕಡಿ ದಾರಿಯಲ್ಲಿ ಸೈಕಲ್

ಬಾದಾಮಿಯಿಂದ ಬನಶಂಕರಿಗೆ ಐದು ಕಿಲೋಮೀಟರಿನ ಡಾಂಬರು ರಸ್ತೆ. ಲಾರಿಯೊಂದು ಪಕ್ಕದಲ್ಲೇ ಹಾರನ್ ಹೊಡೆದಾಗ ಮಗಳ ಸೈಕಲ್ ತತ್ತರಿಸಿತು, ನನ್ನ ಎದೆಯೂ. ದೇವಿಯ ದರ್ಶನವಾದ ಮೇಲೆ, ಹರಿದ್ರಾತೀರ್ಥದ ಬಳಿ ಜೋಳದ ರೊಟ್ಟಿ ಮಾರುತ್ತಿದ್ದ ಅಜ್ಜಿಯನ್ನು ಮರಳಲು ಬೇರೆ ಹಾದಿಯುಂಟೇ ಎಂದು ಕೇಳಿದೆ.

"ಹೊಲದಾಗಿನ ಚಕ್ಕಡಿ ದಾರಿ ಹಿಡೀರಿ, ಎಪ್ಪಾ" ಎಂದಳು.

ಗಾಲಿಯ ಕೆಳಗೆ ಗರಸು ಮೆಲ್ಲಗೆ ಗೊಣಗಿತು. ಎರಡೂ ಕಡೆ ಜೋಳ; ದೂರದಲ್ಲಿ ಬಾದಾಮಿಯ ಕೆಂಬಂಡೆಗಳು. ವಾಹನದ ಸುಳಿವಿಲ್ಲ. ಮಗಳು ಮುಂದೆ ಸಾಗಿದಳು. "ಜೋಕೆ" ಎಂಬ ನನ್ನ ಮಾತು ಮೊದಲ ಬಾರಿಗೆ ಬಾಯಲ್ಲೇ ಉಳಿಯಿತು.

ಫ್ರಾನ್ಸಿನಲ್ಲಿ ರೈಲು ನಿಂತುಹೋದ ಎಷ್ಟೋ ಹಳಿದಾರಿಗಳನ್ನು ಹದಗೊಳಿಸಿ ಸೈಕಲ್ಲುಗಳಿಗೆ ಬಿಟ್ಟಿದ್ದಾರೆ. ಎತ್ತುಗಳು ನಡೆದು ಸವೆಸಿದ ನಮ್ಮ ಜಾಡುಗಳಿಗೆ ಅಷ್ಟು ಖರ್ಚೂ ಬೇಡ. ಅಳಿಸದೆ ಉಳಿಸಿಕೊಂಡರೆ ಸಾಕು.