ಹಳೆಯ ವ್ಯಾನಿಗೆ ಹೊಸ ಸೂರು

ಚಾಮುಂಡಿ ಬೆಟ್ಟದ ಪಶ್ಚಿಮಕ್ಕೆ, ಅಶೋಕಪುರಂಗೆ ಹೊಂದಿಕೊಂಡಂತೆ ಹಬ್ಬಿರುವ ವಿದ್ಯಾರಣ್ಯಪುರಂ ಪ್ರವಾಸಿ ಕೈಪಿಡಿಗಳಲ್ಲಿ ಕಾಣುವ ಹೆಸರಲ್ಲ. ವಿಜಯನಗರದ ಕಥೆಯೊಂದಿಗೆ ಬೆಸೆದುಕೊಂಡ ಶೃಂಗೇರಿಯ ಯತಿಯ ಹೆಸರು ಹೊತ್ತ ಈ ಬಡಾವಣೆ, ದಶಕಗಳ ಕಾಲ ಮೈಸೂರಿನ ಕಸ, ಕೊಳಚೆಗಳನ್ನು ತನ್ನ ಸೂಯೇಜ್ ಫಾರಂಗೆ ಬರಮಾಡಿಕೊಂಡದ್ದರಿಂದಲೇ ಹೆಚ್ಚು ಪರಿಚಿತ. ಆದರೆ ಊರು ಬಿಟ್ಟು ಹೊರಡುವವರಿಗೆ ಇದು ಅನುಕೂಲದ ಜಾಗ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವ ಹೆದ್ದಾರಿ ಹತ್ತಿರದಲ್ಲೇ ಇದೆ.

ಇಲ್ಲಿನ ಹಳೆಯ ಬೀದಿಗಳಲ್ಲಿ ತಲೆಯೆತ್ತಿ ನಡೆದರೆ ಸೂರಿನ ಪಾಠವೇ ಸಿಗುತ್ತದೆ. ತಾರಸಿಯ ಪಕ್ಕದಲ್ಲಿ ತಗಡು, ಅದರಾಚೆ ಸಿಮೆಂಟ್ ಶೀಟು, ನಡುನಡುವೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಾಡಿಗೆಲ್ಲ ಹಬ್ಬಿದ ಈ ಹೆಂಚು ಒಂದೊಂದೂ ಎರಡರಿಂದ ಮೂರು ಕಿಲೋ ತೂಗುತ್ತದೆ. ತನ್ನ ಭಾರದಿಂದ ಕುಳಿತು, ಇಳಿಜಾರಿನಿಂದ ನೀರು ಜಾರಿಸುವುದೇ ಅದರ ಗುಟ್ಟು. ನಿಂತ ಮನೆಗೆ ಇದು ಸರಿ. ಓಡುವ ಮನೆಗೆ ಭಾರವೂ ಕೂಡದು, ಅಷ್ಟು ಇಳಿಜಾರೂ ಸಾಧ್ಯವಿಲ್ಲ.

ಓಡುವ ಮನೆ ಮೈಸೂರಿಗೆ ಹೊಸದಲ್ಲ. 1979ರಲ್ಲಿ ಆರಂಭವಾದ ಇಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಇದೆ; ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವೂ ಉಂಟು. ಆ ಕಾಲದ ಮರದ ಬೋಗಿಗಳಿಗೆ ಸಾಮಾನ್ಯವಾಗಿ ಹಲಗೆಯ ಮೇಲೆ ಸೀಸದ ಬಿಳಿ ಬಣ್ಣ ಬಳಿದು, ಕ್ಯಾನ್ವಾಸ್ ಎಳೆದು ಕಟ್ಟಿ, ಮತ್ತೆ ಬಣ್ಣ ಹೊಡೆಯುತ್ತಿದ್ದರು. ಬಟ್ಟೆ ಹಲಗೆಯೊಂದಿಗೆ ಹಿಗ್ಗಿ ಕುಗ್ಗುತ್ತಿತ್ತು, ಬಣ್ಣ ನೀರು ತಡೆಯುತ್ತಿತ್ತು. ಹಳೆಯ ಗಾಡಿಯ ಬಣ್ಣವನ್ನು ಒಣದಾಗಿ ಕೆರೆಯುವವರು ಇದನ್ನು ನೆನಪಿಡಬೇಕು. ಆ ಧೂಳಿನಲ್ಲಿ ಸೀಸವಿದ್ದರೆ ಅದು ವಿಷ.

ಈಗ, ಇಂಥ ಬೀದಿಯಲ್ಲಿ ನಿಂತ ಒಂದು ಹಳೆಯ ಪ್ರವಾಸಿ ವ್ಯಾನಿನ ಸೂರು ಸೋರತೊಡಗಿತು ಎನ್ನೋಣ. ಒಳಗೆ ಮಲಗಲು ಹಲಗೆ, ಒಂದು ಒಲೆ, ನೀರಿನ ಡ್ರಮ್ಮು. ಮನೆಮಂದಿಯೆಲ್ಲ ರಜೆಯಲ್ಲಿ ಊಟಿಗೆ ಹೋಗಿ ಬಂದ ಗಾಡಿ. ಮಾರಲು ಮನಸ್ಸಿಲ್ಲ, ಹೊಸದು ಕೊಳ್ಳಲು ಹಣವಿಲ್ಲ. ಮೊದಲು ಹೊಳೆಯುವ ಉಪಾಯ ಡಾಂಬರು. ಅದು ಒಂದು ಮಳೆಗಾಲ ಕಾಯಬಹುದು, ಆಮೇಲೆ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಡಾಂಬರು ಮೆತ್ತಿದ ಜಾಗಕ್ಕೆ ಮುಂದೆ ಒಳ್ಳೆಯ ಸೀಲೆಂಟ್ ಕೂಡ ಅಂಟುವುದಿಲ್ಲ.

ಹೊಸ ಸೂರು ಹಾಕುವುದೇ ಸರಿ ಎಂದಾದರೆ ಯಾವುದು? ಲೆಕ್ಕ ಸರಳವಾಗಿದೆ. ಆರು ಮೀಟರ್ ಉದ್ದ, ಎರಡು ಮೀಟರ್ ಅಗಲದ ಸೂರಿಗೆ ಒಂದು ಮಿಲಿಮೀಟರ್ ಉಕ್ಕಿನ ತಗಡು ಹಾಕಿದರೆ ಸುಮಾರು 94 ಕಿಲೋ. ಒಂದೂವರೆ ಮಿಲಿಮೀಟರ್ ಅಲ್ಯೂಮಿನಿಯಂ 49 ಕಿಲೋ. ಎರಡು ಮಿಲಿಮೀಟರ್ ಫೈಬರ್ ಗ್ಲಾಸ್ 40 ಕಿಲೋ ಒಳಗೆ. ತಲೆಯ ಮೇಲಿನ ಒಂದೊಂದು ಕಿಲೋವೂ ಗಾಡಿಯ ಗುರುತ್ವ ಕೇಂದ್ರವನ್ನು ಮೇಲಕ್ಕೆ ಎಳೆಯುತ್ತದೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಈ ಲೆಕ್ಕ ಪುಸ್ತಕದ್ದಾಗಿ ಉಳಿಯುವುದಿಲ್ಲ.

ಹಾಗಾದರೆ ಹಗುರವಾದದ್ದೇ ಗೆದ್ದಿತೇ? ಅಷ್ಟು ಸುಲಭವಲ್ಲ. ಮೇ ತಿಂಗಳ ಮಧ್ಯಾಹ್ನ ಸೂರು ರಾತ್ರಿಗಿಂತ 40 ಡಿಗ್ರಿ ಹೆಚ್ಚು ಕಾದರೆ ಆರು ಮೀಟರ್ ಅಲ್ಯೂಮಿನಿಯಂ ಹಾಳೆ ಸುಮಾರು ಐದೂವರೆ ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಅದರ ಅರ್ಧದಷ್ಟು ಮಾತ್ರ. ಅಲ್ಯೂಮಿನಿಯಂ ಹಾಳೆಯನ್ನು ಉಕ್ಕಿನ ಪಟ್ಟಿಗಳಿಗೆ ಬಿಗಿಯಾಗಿ ಹೊಡೆದುಬಿಟ್ಟರೆ ಪ್ರತಿದಿನದ ಈ ಜಗ್ಗಾಟದಲ್ಲಿ ರಿವೆಟ್ಟಿನ ತೂತುಗಳು ಅಗಲವಾಗುತ್ತವೆ. ಎರಡು ಲೋಹ ತಾಗಿದಲ್ಲಿ ಮಳೆನೀರು ನಿಂತರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಹುಟ್ಟಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ರಬ್ಬರ್ ಪಟ್ಟಿ ಇಟ್ಟು, ಹಿಗ್ಗಲು ಜಾಗ ಬಿಟ್ಟರೆ ಎರಡೂ ತೊಂದರೆ ತಪ್ಪುತ್ತವೆ. ಇನ್ನು, ಹೊಳೆಯುವ ಲೋಹ ತಂಪು ಎಂಬುದು ತಪ್ಪು ತಿಳಿವಳಿಕೆ. ಅದು ಬಿಸಿಲನ್ನು ಹಿಂದೆ ಕಳಿಸಿದರೂ ಒಮ್ಮೆ ಹೀರಿದ ಶಾಖವನ್ನು ಬೇಗ ಬಿಡದು. ಬಿಳಿ ಬಣ್ಣ ಹೊಡೆದ ಹಾಳೆಯೇ ಹೆಚ್ಚು ತಂಪು.

ಊಟಿಯ ರಾತ್ರಿ ಇನ್ನೊಂದು ಪರೀಕ್ಷೆ ಒಡ್ಡುತ್ತದೆ. ಸುಮಾರು 2,240 ಮೀಟರ್ ಎತ್ತರದ ಆ ಚಳಿಯಲ್ಲಿ ಕಿಟಕಿ ಮುಚ್ಚಿ ಐದಾರು ಮಂದಿ ಮಲಗಿದರೆ ಅವರ ಉಸಿರಿನ ತೇವ ತಣ್ಣನೆಯ ತಗಡಿನ ಒಳಮೈಗೆ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಸೂರಿನಲ್ಲಿ ಒಂದು ತೂತೂ ಇಲ್ಲದೆ ಸೋರಿಕೆ! ಇದಕ್ಕೆ ಬೇಕಾದದ್ದು ತಗಡಿನ ಕೆಳಗೆ ಅಂಟಿ ಕೂರುವ ಶಾಖನಿರೋಧಕ ಪದರ ಮತ್ತು ಗಾಳಿಯಾಡಲು ಒಂದು ಕಿಂಡಿ. ಮೇಲ್ಗಡೆ ಎಷ್ಟು ಸೀಲೆಂಟ್ ಬಳಿದರೂ ಪ್ರಯೋಜನವಿಲ್ಲ.

ಪ್ಲೈವುಡ್ಡಿನ ಮೇಲೆ ರಬ್ಬರ್ ಹಾಳೆ ಅಂಟಿಸುವುದು ಅಮೆರಿಕದ ಕ್ಯಾರವಾನುಗಳಲ್ಲಿ ರೂಢಿ. ನಡುವೆ ಜೋಡಣೆಯೇ ಇಲ್ಲದಂತೆ ಹಾಸಬಹುದಾದ್ದರಿಂದ ನೀರು ಚೆನ್ನಾಗಿ ನಿಲ್ಲುತ್ತದೆ. ಆದರೆ ಎಣ್ಣೆ, ಗ್ರೀಸು ತಾಗಿದರೆ ಆ ರಬ್ಬರ್ ಉಬ್ಬುತ್ತದೆ, ಮರದ ಕೊಂಬೆ ತರಚಿದರೆ ಹರಿಯುತ್ತದೆ. ಚಾಮುಂಡಿ ಬೆಟ್ಟದ ಕೋತಿಗಳು ಹತ್ತಿ ಕುಣಿದರಂತೂ ಕೇಳುವುದೇ ಬೇಡ. ಫೈಬರ್ ಗ್ಲಾಸ್ ತುಕ್ಕು ಹಿಡಿಯದು, ಬಾಗಿದ ಆಕಾರಕ್ಕೂ ಒಗ್ಗುತ್ತದೆ. ಬಣ್ಣದ ಹೊದಿಕೆ ಸವೆದ ಮೇಲೆ ಮಾತ್ರ ಬಿಸಿಲಿಗೆ ಎಳೆ ಬಿಡುತ್ತದೆ. ಅಲ್ಯೂಮಿನಿಯಂ ನೆಗ್ಗಿದರೂ ಹರಿಯುವುದಿಲ್ಲ, ದಾರಿಯ ಯಾವ ಊರಿನಲ್ಲಾದರೂ ಅದನ್ನು ತಟ್ಟಿ ಸರಿಮಾಡುವವರು ಸಿಗುತ್ತಾರೆ. ಎಲ್ಲ ತೂಗಿ ನೋಡಿದರೆ ಚೌಕ ಮೈಯ ವ್ಯಾನಿಗೆ ಆದಷ್ಟು ಕಡಿಮೆ ಜೋಡಣೆಯ, ಬಿಳಿ ಬಣ್ಣದ ಅಲ್ಯೂಮಿನಿಯಂ ಹಾಳೆಯೇ ಮೇಲು.

ಆದರೆ ಹಾಳೆ ಕೊಳ್ಳುವ ಮುನ್ನ ಕೆಳಗಿನ ಪಕ್ಕೆಲುಬುಗಳನ್ನು ನೋಡಬೇಕು. ಸೋರಿದ ನೀರು ಕಣ್ಣಿಗೆ ಬೀಳುವ ಮೊದಲು ವರ್ಷಗಟ್ಟಲೆ ಅಲ್ಲಿ ಕೆಲಸ ಮಾಡಿರುತ್ತದೆ. ಗಾಡಿ ಮಗುಚಿದಾಗ ಒಳಗಿನವರ ತಲೆ ಕಾಯುವುದು ಹೊಳೆಯುವ ಹಾಳೆಯಲ್ಲ, ಈ ಪಟ್ಟಿಗಳು. ಸ್ಕ್ರೂಡ್ರೈವರ್ ಒತ್ತಿದರೆ ಒಳಹೋಗುವಷ್ಟು ತುಕ್ಕು ತಿಂದಿದ್ದರೆ ಹೊಸ ಸೂರು ಬರಿಯ ಶೃಂಗಾರ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣವಾಗುವುದು ಐದೈದು ವರ್ಷಕ್ಕೆ, ಅದೂ ತಪಾಸಣೆಯ ನಂತರ. ಹಾಕುವ ಹಣ ಆ ಐದು ವರ್ಷಕ್ಕೆ ಸಲ್ಲುತ್ತದೆಯೇ ಎಂದು ಮೊದಲು ಕೂಡಿಸಿ ಕಳೆಯಬೇಕು. ಎತ್ತರ, ತೂಕ ಬದಲಾಗುವಂತಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಬೇಕು.

ಇಷ್ಟೆಲ್ಲ ದಾಟಿ ಸೂರು ಕೂತಿತೆಂದರೆ ಒಳಗಿನ ಹೊದಿಕೆ ಮುಚ್ಚಲು ಅವಸರ ಬೇಡ. ಗಾಡಿಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ ವಾಲುವಂತೆ ನಿಲ್ಲಿಸಿ, ಅರ್ಧ ಗಂಟೆ ಪೈಪಿನ ನೀರು ಬಿಟ್ಟು, ಒಬ್ಬರು ಒಳಗೆ ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನೂ ನೋಡಬೇಕು. ಜೂನ್ ಮಳೆ ಹೇಗೂ ಈ ಪರೀಕ್ಷೆ ಮಾಡುತ್ತದೆ; ಅದಕ್ಕೆ ಮುಂಚೆ ಮನೆಯವರೇ ಮಾಡಿಕೊಂಡರೆ ಖರ್ಚು ಕಡಿಮೆ.