ಅಮ್ಮನ ಕೋಣೆಗೊಂದು ಕಾಯಂ ವಿಳಾಸ

ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮನೇಲಿ ಒಂದು ಸಣ್ಣ ವಲಸೆ ನಡೀತಿತ್ತು. ರೂಟರ್ ಅನ್ನೋದು ಮದುವೆ ಛತ್ರದ ಮ್ಯಾನೇಜರ್ ಇದ್ದ ಹಾಗೆ ಕಣ್ರೀ. ಬಂದವರಿಗೆಲ್ಲ ಖಾಲಿ ಇರೋ ರೂಮಿನ ಬೀಗದಕೈ ಕೊಡುತ್ತೆ, ಅದೂ ಇಷ್ಟು ಗಂಟೆಗೆ ಅಂತ. ಈ ಹಂಚಿಕೆಗೇ ಡಿಎಚ್‌ಸಿಪಿ ಅಂತಾರೆ. ನಮ್ಮ ರೂಟರಿಗೆ ಒಂದು ಸಲ ಕರೆಂಟು ಹೋದರೆ ಸಾಕು, ಯಾರಿಗೆ ಯಾವ ರೂಮು ಕೊಟ್ಟಿದ್ದೆ ಅನ್ನೋದೇ ಮರೆತುಹೋಗುತ್ತೆ!

ಫೋನು, ಟಿವಿಗೆ ಯಾವ ನಂಬರ್ ಸಿಕ್ಕರೂ ನಡೆಯುತ್ತೆ ಬಿಡಿ. ಅವು ತಾವೇ ಹೊರಗೆ ಹುಡುಕಿಕೊಂಡು ಹೋಗೋವು. ಅಮ್ಮನ ಕೋಣೆಯ ಕ್ಯಾಮೆರಾ ಹಾಗಲ್ಲ, ಅದನ್ನ ನಾವು ಹುಡುಕಿಕೊಂಡು ಹೋಗಬೇಕು. ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹಾಕಿಸಿದ್ದು ಅದು. ನಾನು ಮಹಡಿ ಮೇಲೆ ಕೆಲಸ ಮಾಡುವಾಗ ಪಕ್ಕದಲ್ಲೊಂದು ಹಳೇ ಟ್ಯಾಬ್‌ನಲ್ಲಿ ಆ ಕೋಣೆ ಕಾಣ್ತಿರುತ್ತೆ. ಟ್ಯಾಬಿಗೆ ಗೊತ್ತಿದ್ದದ್ದು ಒಂದೇ ವಿಳಾಸ, 192.168.1.7.

ಒಂದು ಮಧ್ಯಾಹ್ನ ಕರೆಂಟು ಬಂದರೂ ಪರದೆ ಮಾತ್ರ ಕಪ್ಪಾಗೇ ಇತ್ತು. ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದೆ. ಅಮ್ಮ ಹೂಬತ್ತಿ ಹೊಸೀತಾ ಕೂತಿದ್ದಳು. "ಯಾಕೋ, ಎಲ್ಲಿ ಬೆಂಕಿ ಬಿತ್ತು?" ಅಂದಳು. ಬೆಂಕಿ ಏನೂ ಇಲ್ಲ, ಆ 7 ಪ್ರಿಂಟರ್ ಪಾಲಾಗಿತ್ತು ಅಷ್ಟೇ.

ಇದಕ್ಕೆ ಉಪಾಯ ಎರಡಿವೆ. ಕ್ಯಾಮೆರಾದೊಳಗೇ ವಿಳಾಸ ಬರೆದುಬಿಡೋದು ಒಂದು. ನನಗದು ಅಷ್ಟು ಹಿಡಿಸಲ್ಲ. ರೂಟರಿಗೆ ಅದರ ಸುದ್ದಿಯೇ ಇಲ್ಲದೆ ಅದೇ ನಂಬರನ್ನ ಇನ್ನೊಬ್ಬರಿಗೂ ಕೊಟ್ಟರೆ ಇಬ್ಬರಿಗೂ ಜಗಳ. ಇನ್ನೊಂದು, ರೂಟರಿನಲ್ಲೇ ಕಾಯ್ದಿರಿಸೋದು. ಕ್ಯಾಮೆರಾದ ಬೆನ್ನ ಮೇಲಿನ ಚೀಟಿಯಲ್ಲಿ ಮ್ಯಾಕ್ ವಿಳಾಸ ಅಂತ ಅಂಕಿ, ಇಂಗ್ಲಿಷ್ ಅಕ್ಷರ ಸೇರಿ 12 ಇರುತ್ತೆ. ರೂಟರಿನ ಡಿಎಚ್‌ಸಿಪಿ ಪುಟಕ್ಕೆ ಹೋಗಿ, ಅಡ್ರೆಸ್ ರಿಸರ್ವೇಶನ್ ಅಂತಿರೋ ಕಡೆ ಅದನ್ನ ಬರೆದು, ಎದುರಿಗೆ 192.168.1.50 ಅಂತ ಹಾಕಿದೆ. ಕ್ಯಾಮೆರಾನ ಒಮ್ಮೆ ಆರಿಸಿ ಹಾಕಿ, ಟ್ಯಾಬಿಗೂ ಹೊಸ ನಂಬರ್ ಹೇಳಿದ್ದಾಯ್ತು. ಪ್ರಿಂಟರಿಗೂ ಒಂದು ಕೊಟ್ಟೆ, ಪಾಪ.

ಫೋನಿಗೆ ಹೀಗೆ ಮಾಡೋಕೆ ಹೋದರೆ ಮಾತ್ರ ಸ್ವಲ್ಪ ಜೋಕೆ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಾಗಿನಿಂದ ಫೋನುಗಳು ವೈಫೈ ಮುಂದೆ ತಮ್ಮ ಅಸಲಿ ಮ್ಯಾಕ್ ಬಿಟ್ಟು ಸೋಗಿನದ್ದು ತೋರಿಸ್ತವೆ. ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಂಡು ಬರೀರಿ.

ಆಮೇಲೆ ಎಷ್ಟೋ ಸಲ ಕರೆಂಟು ಹೋಗಿ ಬಂತು, 50 ಅಲ್ಲೇ ಇದೆ. ಈಗ ಕರೆಂಟಿದ್ದೂ ಪರದೆ ಕಪ್ಪಾದರೆ ಅಮ್ಮ ಸೀರೆ ಬದಲಾಯಿಸೋಕೆ ಕ್ಯಾಮೆರಾ ಮೇಲೆ ಟವೆಲ್ ಹೊದಿಸಿದ್ದಾಳೆ ಅಂತ ಅರ್ಥ. ಕೆಲವು ಸಲ ತೆಗೆಯೋದನ್ನ ಮರೀತಾಳೆ. ಕೆಲವು ಸಲ ಬೇಕಂತಲೇ :-)